ಆಲ್ಜಿನೇಟ್ ಮಣಿಯಿಂದ 5-ಎಫ್‌ಯು ಎರಡೇ ತಾಸಿನಲ್ಲಿ ಖಾಲಿ: ಪಾಲಿಮರ್ ಬದಲಿಸಬೇಕೋ, ವಿಧಾನ ಬದಲಿಸಬೇಕೋ?

ಘಟಪ್ರಭಾ, ಬಾಗಲಕೋಟೆ

ಎಂ.ಫಾರ್ಮ್ ಪ್ರಬಂಧಕ್ಕೆ 5-ಫ್ಲೂರೋಯುರಾಸಿಲ್ (5-ಎಫ್‌ಯು) ಎಂಬ ಕ್ಯಾನ್ಸರ್ ಔಷಧ ತುಂಬಿದ ಸೋಡಿಯಂ ಆಲ್ಜಿನೇಟ್ (ಕಡಲ ಪಾಚಿಯಿಂದ ಬರುವ ಪಾಲಿಮರ್) ಮಣಿಗಳ ಕೆಲಸ ನಡೆದಿದೆ. ಬಾಯಿಂದ ನುಂಗಿದ ಮಣಿ ದೊಡ್ಡ ಕರುಳಿಗೆ ಮುಟ್ಟಿದ ಮೇಲಷ್ಟೇ ಔಷಧ ಬಿಡಬೇಕು ಎಂಬುದು ಗುರಿ. ಈಗಿನ ಸೂತ್ರ ಹೀಗಿದೆ: ಶೇ. 2ರ ಆಲ್ಜಿನೇಟ್ 10 ಮಿ.ಲೀ., ಅದರಲ್ಲಿ ಔಷಧ 40 ಮಿ.ಗ್ರಾಂ, 22 ಗೇಜ್ ಸೂಜಿಯಿಂದ ಹನಿ ಬೀಳಿಸಲು ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ 100 ಮಿ.ಲೀ., ಕ್ಯಾಲ್ಸಿಯಂ ತಾಗಿ ಹನಿ ಜೆಲ್ ಮಣಿಯಾಗಲು ಅದರೊಳಗೆ 30 ನಿಮಿಷ. ಮೂರು ಸಲ ತೊಳೆದು 40 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸುವುದು.

ಮಣಿಯಲ್ಲಿ ಉಳಿಯುವ ಔಷಧ ಹಾಕಿದ್ದರ ಶೇ. 8ರ ಆಸುಪಾಸು. ಪಿಎಚ್ 7.4ರ ಫಾಸ್ಫೇಟ್ ಬಫರ್‌ನಲ್ಲಿ ಎರಡು ತಾಸಿನೊಳಗೆ ಅದೂ ಹೊರಗೆ ಬರುತ್ತದೆ, ಮಣಿಯೂ ಕರಗುತ್ತದೆ. ಒಬ್ಬರು ಆಲ್ಜಿನೇಟ್ ಶೇ. 4ಕ್ಕೆ ಏರಿಸು ಅನ್ನುತ್ತಾರೆ, ಇನ್ನೊಬ್ಬರು ಕೈಟೋಸಾನ್ (ಸಿಗಡಿ ಚಿಪ್ಪಿನಿಂದ ಬರುವ ಪಾಲಿಮರ್) ಹೊದಿಸು ಅನ್ನುತ್ತಾರೆ, ಮತ್ತೊಬ್ಬರು ಪಾಲಿಮರ್ ಸರಪಳಿಗಳಿಗೆ ಕೊಂಡಿ ಹಾಕುವ ಗ್ಲೂಟರಾಲ್ಡಿಹೈಡ್ ಹಾಕು ಅನ್ನುತ್ತಾರೆ. ಯಾವುದು ಸರಿ, ಯಾಕೆ ಸರಿ ಎಂದು ಬಿಡಿಸಿ ಹೇಳುವವರು ಬೇಕು.

ಬಲೆಯ ಕಣ್ಣು, ಬೆಳಗಾವಿ

ಮೂರರಲ್ಲಿ ಒಂದಕ್ಕೂ ಕೈ ಹಚ್ಚುವ ಮೊದಲು ಒಂದು ಲೆಕ್ಕ ಹಾಕೋಣ.

5-ಎಫ್‌ಯು ಅಣುತೂಕ 130. ಅಣುವಿನ ಅಗಲ ಒಂದು ನ್ಯಾನೋಮೀಟರಿಗಿಂತ ಕಡಿಮೆ. ನೀರು ಕುಡಿದ ಕ್ಯಾಲ್ಸಿಯಂ ಆಲ್ಜಿನೇಟ್ ಬಲೆಯ ಕಣ್ಣು ಹಲವು ನ್ಯಾನೋಮೀಟರ್ ಅಗಲ. ಜೋಳದ ಸಾಣಿಗೆಯಲ್ಲಿ ಸಾಸಿವೆ ನಿಲ್ಲಿಸಲು ಹೊರಟಂತಾಯಿತು. ಶೇ. 4ಕ್ಕೆ ಏರಿಸಿದರೆ ಕಣ್ಣು ಕಿರಿದಾಗುತ್ತದೆ ನಿಜ, ಆದರೆ ಈ ಅಣುವನ್ನು ತಡೆಯುವಷ್ಟು ಕಿರಿದಾಗುವುದಿಲ್ಲ. ಜೊತೆಗೆ ದ್ರಾವಣ ಎಷ್ಟು ಗಟ್ಟಿಯಾಗುತ್ತದೆಂದರೆ 22 ಗೇಜ್ ಸೂಜಿಯಿಂದ ಇಳಿಯುವುದೇ ಕಷ್ಟ.

ಇಷ್ಟು ಚಿಕ್ಕ ಅಣು ನೀರಿನಲ್ಲಿ ಹರಡುವ ವೇಗ, ಅಂದರೆ ವಿಸರಣ ಗುಣಾಂಕ, ಸೆಕೆಂಡಿಗೆ ಸುಮಾರು 0.001 ಚದರ ಮಿಲಿಮೀಟರ್. ಹಸಿ ಮಣಿಯ ತ್ರಿಜ್ಯ 1 ಮಿ.ಮೀ. ಎಂದಿಟ್ಟುಕೊಳ್ಳಿ. ಗೋಲದಿಂದ ಶೇ. 99 ಖಾಲಿಯಾಗಲು ಬೇಕಾದ ಸಮಯ ಅಂದರೆ ತ್ರಿಜ್ಯದ ವರ್ಗವನ್ನು ವಿಸರಣ ಗುಣಾಂಕದಿಂದ ಭಾಗಿಸಿ 0.42ರಿಂದ ಗುಣಿಸಿದಷ್ಟು. 420 ಸೆಕೆಂಡ್, ಅಂದರೆ 7 ನಿಮಿಷ. ಜೆಲ್ ಒಳಗೆ ವೇಗ ಅರ್ಧಕ್ಕೆ ಇಳಿಯಿತು ಅಂದರೂ 14 ನಿಮಿಷ. ನಿಮ್ಮ ಮಣಿ ಎರಡು ತಾಸು ತೆಗೆದುಕೊಂಡಿದ್ದು ಒಣಗಿದ ಮಣಿ ನೀರು ಕುಡಿದು ಉಬ್ಬಲು ಹೊತ್ತು ಬೇಕು ಎಂಬ ಕಾರಣಕ್ಕೆ. ಜೆಲ್ ಔಷಧವನ್ನು ಹಿಡಿದಿತ್ತು ಎಂದು ಅದರಿಂದ ತಿಳಿಯಬಾರದು.

ಈಗ ಶೇ. 8ರ ವಿಷಯ. 30 ನಿಮಿಷ ಮಣಿಯನ್ನು 100 ಮಿ.ಲೀ. ದ್ರಾವಣದಲ್ಲಿ ಇಟ್ಟಿರಲ್ಲ, ಅದೇ ಒಂದು ಬಿಡುಗಡೆ ಪ್ರಯೋಗ. 7 ರಿಂದ 14 ನಿಮಿಷದಲ್ಲಿ ಒಳಗೂ ಹೊರಗೂ ಸಾಂದ್ರತೆ ಸಮ ಆಗಿಬಿಡುತ್ತದೆ. 10 ಮಿ.ಲೀ. ಮಣಿ, 100 ಮಿ.ಲೀ. ಹೊರಗಿನ ದ್ರಾವಣ: ಒಳಗೆ ಉಳಿಯುವ ಪಾಲು 110ರಲ್ಲಿ 10, ಅಂದರೆ ಶೇ. 9. ಆಮೇಲೆ ಮೂರು ತೊಳೆತ ಬೇರೆ. ನಿಮ್ಮ ಅಂಕಿ ಇದಕ್ಕೆ ತಾಳೆಯಾಗುತ್ತದೆ. ಪಾಲಿಮರ್‌ನಲ್ಲಿ ದೋಷವಿಲ್ಲ, ಪಾತ್ರೆ ದೊಡ್ಡದಾಗಿದೆ ಅಷ್ಟೆ.

ದ್ರಾವಣವನ್ನು 20 ಮಿ.ಲೀ.ಗೆ ಇಳಿಸಿ. ಕ್ಯಾಲ್ಸಿಯಂ ಸಾಲುತ್ತದೆಯೇ ಎಂದು ಅನುಮಾನ ಬೇಡ. 200 ಮಿ.ಗ್ರಾಂ ಆಲ್ಜಿನೇಟ್‌ನಲ್ಲಿ ಕಾರ್ಬಾಕ್ಸಿಲ್ ಗುಂಪು ಸುಮಾರು 1 ಮಿಲಿಮೋಲ್, ಅದಕ್ಕೆ ಬೇಕಾದ ಕ್ಯಾಲ್ಸಿಯಂ ಅರ್ಧ ಮಿಲಿಮೋಲ್. ಡೈಹೈಡ್ರೇಟ್ ಉಪ್ಪಿನ ಶೇ. 2ರ ದ್ರಾವಣ 20 ಮಿ.ಲೀ. ತೆಗೆದುಕೊಂಡರೆ ಅದರಲ್ಲಿ 2.7 ಮಿಲಿಮೋಲ್ ಇರುತ್ತದೆ. ಅದೇ 20 ಮಿ.ಲೀ. ದ್ರಾವಣದಲ್ಲೂ ಮಿಲಿಲೀಟರಿಗೆ 4 ಮಿ.ಗ್ರಾಂ 5-ಎಫ್‌ಯು ಕರಗಿಸಿಟ್ಟರೆ ಹೊರಗೆ ಹೋಗಲು ಔಷಧಕ್ಕೆ ಕಾರಣವೇ ಇರುವುದಿಲ್ಲ. 80 ಮಿ.ಗ್ರಾಂ ಹೆಚ್ಚುವರಿ ಖರ್ಚು, ಆದರೆ ಆ ದ್ರಾವಣವನ್ನು ಅಳೆದು, ಕ್ಯಾಲ್ಸಿಯಂ ಸರಿಪಡಿಸಿ ಮುಂದಿನ ಬ್ಯಾಚ್ ಮಣಿಗಳಿಗೆ ಬಳಸಬಹುದು. ಹಿಡಿದಿಟ್ಟ ಪ್ರಮಾಣ ಲೆಕ್ಕ ಹಾಕುವಾಗ ಮಾತ್ರ ಮಣಿಯನ್ನು ಒಡೆದೇ ಅಳೆಯಬೇಕು. ದ್ರಾವಣದಲ್ಲಿ ಉಳಿದಿದ್ದನ್ನು ಕಳೆದು ಲೆಕ್ಕ ಹಾಕುವ ಪರೋಕ್ಷ ವಿಧಾನ ಇಲ್ಲಿ ನಡೆಯುವುದಿಲ್ಲ.

ತೊಳೆಯುವುದು ಒಂದೇ ಸಲ, ತಣ್ಣನೆಯ ನೀರಿನಲ್ಲಿ, ಹತ್ತು ಸೆಕೆಂಡ್. ಆಮೇಲೆ ಶೋಧಕ ಕಾಗದದ ಮೇಲೆ ಒರೆಸಿ.

ಕಲಾದಗಿ, ಬಾಗಲಕೋಟೆ

ಮೇಲಿನ ಲೆಕ್ಕ ಸರಿ ಐತಿ. ಅದಕ್ಕೂ ಮೊದಲು ನೀರು ಯಾವುದು ಅಂತ ನೋಡ್ರಿ. ನಮ್ಮ ಕಡೆ ನೆಲದಾಗ ಸುಣ್ಣಗಲ್ಲು, ಬೋರ್ ನೀರು ಗಡಸು. ಡಿಸ್ಟಿಲೇಶನ್ ಘಟಕದ ಒಳಗ ಬಿಳಿ ಪದರು ಕಟ್ಟಿದ್ದರ ಆ ನೀರಿನ ವಾಹಕತೆ ಅಳದ ನೋಡ್ರಿ. ನೀರಿನಾಗ ಕ್ಯಾಲ್ಸಿಯಂ ಉಳಿದಿದ್ದರ ಆಲ್ಜಿನೇಟ್ ಕರಗೂ ಮುಂದನ ಅಲ್ಲಲ್ಲಿ ಜೆಲ್ ಆಗತೈತಿ. ದ್ರಾವಣ ಮಸುಕು, ನಡುವ ಮೀನಿನ ಕಣ್ಣಿನಂಥ ಗಂಟು. ಸೂಜಿ ಕಟ್ಟಿಕೊಳ್ಳೋದು ಅದರಿಂದನ. ಎರಡು ಸಲ ಡಿಸ್ಟಿಲ್ ಮಾಡಿದ ನೀರು ಇಲ್ಲಾ ಡಿಅಯಾನೈಸ್ಡ್ ನೀರು ಬಳಸ್ರಿ.

ಪುಡಿ ಒಮ್ಮೆಲೆ ಸುರೀಬ್ಯಾಡ್ರಿ. ಮ್ಯಾಗ್ನೆಟಿಕ್ ಸ್ಟಿರರ್ ಸುಳಿ ಎಬ್ಬಿಸಿದ ಮ್ಯಾಲೆ ಸುಳಿಯ ದಂಡಿಗೆ ಸ್ವಲ್ಪಸ್ವಲ್ಪ ಉದುರಿಸ್ರಿ. ಎರಡು ತಾಸು ತಿರುಗಲಿ, ಆಮೇಲೆ ಫ್ರಿಜ್‌ನಾಗ ರಾತ್ರಿ ಇಡ್ರಿ. ಗುಳ್ಳಿ ಎಲ್ಲಾ ಮ್ಯಾಲೆ ಬರತಾವ. ಗುಳ್ಳಿ ಉಳಿದರ ಮಣಿ ದ್ರಾವಣದ ಮ್ಯಾಲೆ ತೇಲತೈತಿ, ಮ್ಯಾಲಿನ ಅರ್ಧ ಸರಿಯಾಗಿ ಗಟ್ಟಿ ಆಗೂದಿಲ್ಲ.

ಸೂಜಿಯ ಮೊನೆ ಓರೆ ಇರಬಾರದು, ಚಪ್ಪಟೆ ಬೇಕು. ನಿಮಿಷಕ್ಕ 1 ಮಿ.ಲೀ., ದ್ರಾವಣದ ಮೇಲ್ಮೈಯಿಂದ 5 ರಿಂದ 6 ಸೆಂ.ಮೀ. ಎತ್ತರ. ಮಣಿಗೆ ಬಾಲ ಬಂದರ ಎತ್ತರ ಕಡಿಮೆ ಆತು ಇಲ್ಲಾ ದ್ರಾವಣ ಬಾಳ ಗಟ್ಟಿ ಐತಿ ಅಂತ ತಿಳಕೋರಿ. ಚಪ್ಪಟೆ ಆದರ ಎತ್ತರ ಜಾಸ್ತಿ, ಇಲ್ಲಾ ಆಲ್ಜಿನೇಟ್ ತೆಳು. ದ್ರಾವಣ ಮೆಲ್ಲಗೆ ತಿರುಗತಿರಲಿ, ಇಲ್ಲದಿದ್ದರ ಒಂದರ ಮ್ಯಾಲೊಂದು ಬಿದ್ದು ಜೋಡಿ ಮಣಿ ಆಗತಾವ.

ಆಲ್ಜಿನೇಟ್ ಡಬ್ಬಿಯ ಮ್ಯಾಲೆ ಬರೀ ಹೆಸರು ನೋಡಿದರ ಸಾಲದು. ಆಲ್ಜಿನೇಟ್ ಸರಪಳಿ ಗುಲುರಾನಿಕ್, ಮ್ಯಾನುರಾನಿಕ್ ಅನ್ನೂ ಎರಡು ಆಮ್ಲದ ತುಣುಕಿಂದ ಆಗಿರತೈತಿ. ಗುಲುರಾನಿಕ್ ಆಮ್ಲದ ಪಾಲು ಹೆಚ್ಚಿದ್ದ ಆಲ್ಜಿನೇಟ್ ಕ್ಯಾಲ್ಸಿಯಂ ಜೊತಿ ಗಟ್ಟಿ ಮತ್ತ ಪೆಡಸು ಜೆಲ್ ಕೊಡತೈತಿ, ಮ್ಯಾನುರಾನಿಕ್ ಹೆಚ್ಚಿದ್ದರ ಮೆತ್ತಗ. ಬ್ಯಾಚ್ ಬದಲಾದರ ಫಲಿತಾಂಶ ಬದಲಾಗತೈತಿ. ಇಡೀ ಪ್ರಬಂಧಕ್ಕ ಸಾಲುವಷ್ಟು ಒಂದೇ ಬ್ಯಾಚ್ ಖರೀದಿ ಮಾಡಿ, ಶೇ. 1ರ ಸ್ನಿಗ್ಧತೆ ಅಳದು ಬರದಿಡ್ರಿ.

ಗುಮ್ಮಟದ ನೆರಳು, ವಿಜಯಪುರ

ಬಿಡುಗಡೆ ಅಧ್ಯಯನದ ಮಾಧ್ಯಮದ ಬಗ್ಗೆ ಯಾರೂ ಹೇಳಿಲ್ಲ. ಅರ್ಧ ಸಮಸ್ಯೆ ಅಲ್ಲಿದೆ.

ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಕಸಿದುಕೊಳ್ಳುತ್ತದೆ. 0.05 ಮೋಲಾರ್ ಬಫರ್ 900 ಮಿ.ಲೀ.ನಲ್ಲಿ 45 ಮಿಲಿಮೋಲ್ ಫಾಸ್ಫೇಟ್. 50 ಮಿ.ಗ್ರಾಂ ಒಣ ಮಣಿಯಲ್ಲಿ ಕ್ಯಾಲ್ಸಿಯಂ ಹೆಚ್ಚೆಂದರೆ 0.13 ಮಿಲಿಮೋಲ್. ಮುನ್ನೂರು ಪಟ್ಟಿಗೂ ಮಿಕ್ಕಿದ ಫಾಸ್ಫೇಟ್ ಎದುರು ಮಣಿ ಉಳಿಯುವುದು ಹೇಗೆ? ಸೋಡಿಯಂ ಅಯಾನು ಕೂಡ ಕ್ಯಾಲ್ಸಿಯಂ ಜಾಗಕ್ಕೆ ನುಗ್ಗುತ್ತದೆ. ಆದ್ದರಿಂದ ನೀವು ಅಳೆದದ್ದು ಜೆಲ್ ಕರಗುವ ವೇಗ. ಅದನ್ನು ಔಷಧ ಜೆಲ್‌ನಿಂದ ಸೋರುವ ವೇಗ ಎಂದು ಬರೆದರೆ ತಪ್ಪು ಅರ್ಥ ಬರುತ್ತದೆ.

ಸಮಾನಾಂತರವಾಗಿ ಫಾಸ್ಫೇಟ್ ಇಲ್ಲದ ಟ್ರಿಸ್ ಅಥವಾ ಹೆಪೆಸ್ ಬಫರ್, ಪಿಎಚ್ 7.4, ಸೋಡಿಯಂ ಕ್ಲೋರೈಡ್ 140 ಮಿಲಿಮೋಲಾರ್, ಕ್ಯಾಲ್ಸಿಯಂ ಕ್ಲೋರೈಡ್ 1.2 ಮಿಲಿಮೋಲಾರ್ ಇಟ್ಟು ಇನ್ನೊಂದು ಗುಂಪು ನಡೆಸಿ. ರಕ್ತದಲ್ಲಿ ಬಿಡಿ ಕ್ಯಾಲ್ಸಿಯಂ ಇರುವುದು ಹೆಚ್ಚುಕಡಿಮೆ ಅಷ್ಟೇ. ಪರೀಕ್ಷಕರು ಫಾರ್ಮಕೋಪಿಯಾದ ಫಾಸ್ಫೇಟ್ ಬಫರ್ ಕೇಳಿಯೇ ಕೇಳುತ್ತಾರೆ, ಕೇಳಲಿ. ಕರುಳಿನಲ್ಲೂ ಫಾಸ್ಫೇಟ್, ಸೋಡಿಯಂ, ಪಿತ್ತ ಲವಣ ಇರುವುದರಿಂದ ಆ ಮಾಹಿತಿಯೂ ಬೇಕು. ಎರಡೂ ರೇಖೆ ಒಂದೇ ಚಿತ್ರದಲ್ಲಿದ್ದರೆ ವಾದಕ್ಕೆ ಆಸ್ಪದವಿಲ್ಲ.

ಅಳತೆಯಲ್ಲಿ ಎಡವುವ ಜಾಗಗಳು. 5-ಎಫ್‌ಯು ಗರಿಷ್ಠ ಹೀರಿಕೆ 266 ನ್ಯಾನೋಮೀಟರ್‌ನಲ್ಲಿ. 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ದ್ರಾವಣ 1 ಸೆಂ.ಮೀ. ಕುವೆಟ್‌ನಲ್ಲಿ (ಬೆಳಕು ಹಾಯಿಸುವ ಪುಟ್ಟ ಪಾತ್ರೆ) ಸುಮಾರು 0.54 ಹೀರಿಕೆ ಕೊಡಬೇಕು. 0.4 ಅಥವಾ 0.7 ಬಂದರೆ ತೂಕ, ದ್ರಾವಣ ತೆಳುಗೊಳಿಸಿದ ಪ್ರಮಾಣ, ಕುವೆಟ್ ಮೂರನ್ನೂ ನೋಡಿ. ಮಾಧ್ಯಮದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಮಸುಕು ಬಂದರೆ ಬೆಳಕು ಚದುರಿ ಓದು ಸುಳ್ಳಾಗಿ ಏರುತ್ತದೆ. ಶೇ. 110 ಬಿಡುಗಡೆ ಎಂಬ ವರದಿಗಳು ಬರುವುದು ಹೀಗೇ. 0.45 ಮೈಕ್ರಾನ್ ಶೋಧಕದಿಂದ ಸೋಸಿ, 266ರ ಜೊತೆ 350ರಲ್ಲೂ ಓದಿ. 350ರಲ್ಲಿ 5-ಎಫ್‌ಯು ಹೀರುವುದಿಲ್ಲ, ಅಲ್ಲಿ ಏನಾದರೂ ಕಂಡರೆ ಅದು ಮಸುಕೇ. ಔಷಧವಿಲ್ಲದ ಖಾಲಿ ಮಣಿಯನ್ನೂ ಅದೇ ಸಮಯಕ್ಕೆ ನಡೆಸಿ ಅದರ ಓದನ್ನು ಕಳೆಯಿರಿ.

ಎಚ್‌ಪಿಎಲ್‌ಸಿ (ಮಿಶ್ರಣವನ್ನು ಕಾಲಂನಲ್ಲಿ ಹಾಯಿಸಿ ಬೇರ್ಪಡಿಸಿ ಅಳೆಯುವ ಯಂತ್ರ) ಇದ್ದರೆ ಇನ್ನೂ ಒಳ್ಳೆಯದು. ಆದರೆ 5-ಎಫ್‌ಯು ನೀರಿನ ಕಡೆ ವಾಲುವ ಅಣು, ಸಾಮಾನ್ಯ ಸಿ18 ಕಾಲಂನಲ್ಲಿ ನಿಲ್ಲದೆ ದ್ರಾವಕದ ಶಿಖರಕ್ಕೆ ಅಂಟಿಕೊಂಡೇ ಹೊರಬರುತ್ತದೆ. ಬಹುಪಾಲು ನೀರೇ ಇರುವ ಚಲನಾ ಹಂತ ಬೇಕು, ಅದನ್ನು ತಾಳಿಕೊಳ್ಳುವ ಕಾಲಂ ಬೇಕು.

ಕೋರ್ಸ್‌ಮೇಯರ್–ಪೆಪ್ಪಾಸ್ ಸಮೀಕರಣ (ಬಿಡುಗಡೆ ಸಮಯದ ಎನ್ ಘಾತಕ್ಕೆ ತಕ್ಕಂತೆ ಏರುತ್ತದೆ ಎನ್ನುವ ಸೂತ್ರ) ಹಚ್ಚುವಾಗ ಮೊದಲ ಶೇ. 60ರ ಬಿಡುಗಡೆಯ ಬಿಂದುಗಳನ್ನಷ್ಟೇ ತೆಗೆದುಕೊಳ್ಳಿ. ಗೋಲಕ್ಕೆ ಎನ್ ಬೆಲೆ 0.43ರವರೆಗೆ ಫಿಕ್ ವಿಸರಣೆ (ಬರೀ ಹರಡುವಿಕೆ), 0.43 ರಿಂದ 0.85 ಮಿಶ್ರ. 0.45 ಮತ್ತು 0.89 ಸಿಲಿಂಡರಿಗೆ, ಅಂದರೆ ಮಾತ್ರೆಗೆ ಸೇರಿದ ಗಡಿಗಳು. ಮಣಿಗೆ ಅವನ್ನು ಹಚ್ಚಿದ ಪ್ರಬಂಧಗಳು ಸಾಕಷ್ಟಿವೆ, ಅವನ್ನು ನೋಡಿ ನಕಲು ಮಾಡಬೇಡಿ. ಮಣಿ ಕರಗುತ್ತಿದ್ದರಂತೂ ಈ ಸಮೀಕರಣದಿಂದ ಬಂದ ಎನ್‌ಗೆ ಅರ್ಥವೇ ಇಲ್ಲ.

ಘಟಪ್ರಭಾ, ಬಾಗಲಕೋಟೆ

ದ್ರಾವಣದ ಪ್ರಮಾಣದ ಲೆಕ್ಕ ಅರ್ಥವಾಯಿತು. ಹಾಗಾದರೆ ತುಂಬುವ ಸಮಸ್ಯೆ ಪರಿಹಾರ ಆಗುತ್ತದೆ, ಬಿಡುಗಡೆ ಸಮಸ್ಯೆ ಉಳಿಯುತ್ತದೆ. ಕೈಟೋಸಾನ್ ಹೊದಿಕೆ ಅದನ್ನು ತಡೆಯುತ್ತದೆಯೇ?

ಬಲೆಯ ಕಣ್ಣು, ಬೆಳಗಾವಿ

ಮಣಿ ಒಡೆಯುವುದನ್ನು ತಡೆಯುತ್ತದೆ. 5-ಎಫ್‌ಯು ಸೋರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಕೈಟೋಸಾನ್‌ನ ಅಮೈನ್ ಗುಂಪು ಆಲ್ಜಿನೇಟ್‌ನ ಕಾರ್ಬಾಕ್ಸಿಲೇಟ್ ಜೊತೆ ಹೆಣೆದುಕೊಂಡು ಹೊರಗೆ ಚರ್ಮ ಕಟ್ಟುತ್ತದೆ. ಅದೂ ನೀರಿನಿಂದ ಉಬ್ಬುವ ಚರ್ಮವೇ.

ಆದರೂ ಮಾಡುವುದಾದರೆ ವಿಧಾನ: ಕೈಟೋಸಾನ್ ಶೇ. 0.5, ಶೇ. 1ರ ಅಸಿಟಿಕ್ ಆಮ್ಲದಲ್ಲಿ ರಾತ್ರಿಯಿಡೀ ಕರಗಿಸಿ, ಸೋಸಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 5ಕ್ಕೆ ತನ್ನಿ. 6 ದಾಟಿದರೆ ಮಸುಕಾಗತೊಡಗುತ್ತದೆ, 6.5ರ ಹತ್ತಿರ ಗಡ್ಡೆಗಟ್ಟಿ ಬೀಳುತ್ತದೆ. ಇದಕ್ಕೇ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಔಷಧ ಸೇರಿಸಿ ಒಂದೇ ಪಾತ್ರೆಯಲ್ಲಿ ಮುಗಿಸಿ. ಬೇರೆ ಪಾತ್ರೆಯಲ್ಲಿ ಮತ್ತೆ 30 ನಿಮಿಷ ಮುಳುಗಿಸಿದರೆ ತುಂಬಿದ್ದೆಲ್ಲ ಅಲ್ಲೇ ಹೋಗುತ್ತದೆ. ಕಡಿಮೆ ಅಣುತೂಕದ ಕೈಟೋಸಾನ್ ಜೆಲ್ ಒಳಗೂ ಸ್ವಲ್ಪ ಇಳಿದು ದಪ್ಪ ಪದರ ಕಟ್ಟುತ್ತದೆ. ಹೆಚ್ಚು ಅಣುತೂಕದ್ದು ಮೇಲ್ಮೈಯಲ್ಲೇ ತೆಳುವಾಗಿ ನಿಲ್ಲುತ್ತದೆ.

ಗ್ಲೂಟರಾಲ್ಡಿಹೈಡ್ ಬೇಡ. ಅದು ಕೊಂಡಿ ಹಾಕುವುದು ಮುಖ್ಯವಾಗಿ ಅಮೈನ್‌ಗಳಿಗೆ, ಬರೀ ಆಲ್ಜಿನೇಟ್‌ನಲ್ಲಿ ಅಮೈನ್ ಇಲ್ಲ. ಕೈಟೋಸಾನ್‌ಗೆ ಹಾಕಿದರೂ ಉಳಿಕೆ ಜೀವಕೋಶಗಳಿಗೆ ವಿಷ, ಆಮೇಲೆ ಎಂಟಿಟಿ ಪರೀಕ್ಷೆಯಲ್ಲಿ (ಎಷ್ಟು ಕೋಶ ಬದುಕಿವೆ ಎಂದು ಬಣ್ಣದಿಂದ ಅಳೆಯುವುದು) ಕೋಶ ಸತ್ತದ್ದು ಔಷಧದಿಂದಲೋ ಇದರಿಂದಲೋ ಎಂದು ಬೇರ್ಪಡಿಸುವುದು ಕಷ್ಟ. ಅದರ ಬದಲು ಕೊಂಡಿ ಹಾಕುವ ಜೆನಿಪಿನ್ ಸೌಮ್ಯ, ದುಬಾರಿ, ಜೆಲ್ ಕಡುನೀಲಿ ಆಗುತ್ತದೆ. ಉಳಿದ ಜೆನಿಪಿನ್ 240ರ ಸುತ್ತ ಹೀರುವುದರಿಂದ 266ರ ಓದಿಗೂ ತೊಡಕು.

ಬಿಡುಗಡೆಯನ್ನು ನಿಜವಾಗಿ ಹಿಡಿಯಬೇಕೆಂದರೆ ದಾರಿ ಎರಡೇ. ಒಂದು, ಔಷಧ ಬಲೆಗೆ ಅಂಟಿಕೊಳ್ಳಬೇಕು. ಇನ್ನೊಂದು, ಬಲೆಗೆ ನೀರೇ ತಾಗಬಾರದು. 5-ಎಫ್‌ಯು ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಕಳೆದುಕೊಳ್ಳುವ ಪಿಎಚ್) 8ರ ಹತ್ತಿರ. ಕರುಳಿನ ಪಿಎಚ್‌ನಲ್ಲಿ ಅದರ ಬಹುಪಾಲು ಆವೇಶವಿಲ್ಲದೆ ಇರುತ್ತದೆ, ಉಳಿದದ್ದು ಋಣ. ಆಲ್ಜಿನೇಟ್ ಕೂಡ ಋಣ. ಅಂಟುವ ಮಾತೇ ಇಲ್ಲ. ಆದ್ದರಿಂದ ನಿಮಗೆ ಎರಡನೆಯ ದಾರಿ.

ಕೃಷ್ಣೆಯ ದಂಡೆ, ವಿಜಯಪುರ

ಎರಡನೆಯ ದಾರಿ ಎಂದರೆ ಇಲ್ಲಿ ಎಂಟೆರಿಕ್ ಹೊದಿಕೆ, ಅಂದರೆ ಹೊಟ್ಟೆಯ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಹೊದಿಕೆ. ಬರೀ ಆಲ್ಜಿನೇಟ್ ಮಣಿ ಹೊಟ್ಟೆಯ ಆಮ್ಲದಲ್ಲಿ ಕುಗ್ಗುತ್ತದೆ, ಒಡೆಯುವುದಿಲ್ಲ, ಹಾಗಾಗಿ ‘ಆಮ್ಲದಲ್ಲಿ ಸುರಕ್ಷಿತ’ ಎಂದು ಬರೆದುಬಿಡುತ್ತಾರೆ. ಪ್ರೋಟೀನಿಗೆ ಆ ಮಾತು ಒಪ್ಪುತ್ತದೆ. 5-ಎಫ್‌ಯು ಕುಗ್ಗಿದ ಮಣಿಯಿಂದಲೂ ಸೋರುತ್ತದೆ.

ಯೂಡ್ರಾಗಿಟ್ ಎಸ್100 ಎಂಬ ಹೊದಿಕೆ ಪಾಲಿಮರ್ ಪಿಎಚ್ 7ರ ಮೇಲೆ ಕರಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಅಸಿಟೋನ್ ಮಿಶ್ರಣದಲ್ಲಿ ಶೇ. 10, ಹೊದಿಕೆ ಮೆದುವಾಗಿರಲು ಪಾಲಿಮರ್ ತೂಕದ ಶೇ. 10ರಷ್ಟು ಟ್ರೈಈಥೈಲ್ ಸಿಟ್ರೇಟ್. ಅದ್ದಿ ಒಣಗಿಸಿ, ಮತ್ತೆ ಅದ್ದಿ, ತೂಕ ಶೇ. 10ರಷ್ಟು ಏರುವವರೆಗೆ. ಮಣಿ ಪೂರ್ತಿ ಒಣಗಿರಬೇಕು. ಒಳಗೆ ತೇವ ಉಳಿದಿದ್ದರೆ ಆಮೇಲೆ ಕುಗ್ಗಿ ಹೊದಿಕೆಯಲ್ಲಿ ಬಿರುಕು ಬಿಡುತ್ತದೆ. ಬೆಳಗಾವಿಯವರಿಗೆ ಜುಲೈ ತಿಂಗಳಲ್ಲಿ ಇದು ದೊಡ್ಡ ತಲೆನೋವು. ಒಲೆಯಿಂದ ತೆಗೆದ ಮಣಿ ತೂಕದ ಯಂತ್ರದ ಮೇಲಿಡುವಷ್ಟರಲ್ಲಿ ತೇವ ಎಳೆಯುತ್ತದೆ. ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿ ತಣ್ಣಗಾಗಲಿ, ಅಲ್ಲಿಂದ ನೇರ ಹೊದಿಕೆಗೆ.

ಒಣಗಿಸುವ ವಿಧಾನವೂ ಮುಖ್ಯ. ಫ್ರೀಜ್ ಡ್ರೈ ಮಾಡಿದರೆ ಮಣಿ ದುಂಡಗೆ ಚೆಂದ ಕಾಣುತ್ತದೆ, ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಸೊಗಸು, ಆದರೆ ಮಂಜುಗಡ್ಡೆ ಇದ್ದ ಜಾಗವೆಲ್ಲ ತೂತು, ನೀರು ಒಳನುಗ್ಗಿ ಔಷಧ ಕೂಡಲೇ ಹೊರಗೆ. ಗಾಳಿಯಲ್ಲಿ ಒಣಗಿದ ಮಣಿ ಸುಕ್ಕುಗಟ್ಟುತ್ತದೆ, ಬಿಗಿಯಾಗಿರುತ್ತದೆ. ಅದರಲ್ಲೂ ನೀರು ಹೊರಗೆ ಹೋಗುವಾಗ ಔಷಧವನ್ನು ಮೇಲ್ಮೈಗೆ ಎಳೆದು ತರುತ್ತದೆ. ಮೊದಲ ಹತ್ತು ನಿಮಿಷದ ಜಿಗಿತ ಅದರಿಂದ. 

ದೊಡ್ಡ ಕರುಳಿನ ಗುರಿ ಎಂದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಒಡೆಯುವ ಪಾಲಿಮರ್ ಒಂದಾದರೂ ಇರಲಿ: ಪೆಕ್ಟಿನ್ ಅಥವಾ ಗೌರ್ ಗಮ್. ಆಲ್ಜಿನೇಟ್ ಮತ್ತು ಪೆಕ್ಟಿನ್ 1:1 ಮಿಶ್ರಣ ಕ್ಯಾಲ್ಸಿಯಂ ಜೊತೆ ಚೆನ್ನಾಗಿ ಮಣಿಯಾಗುತ್ತದೆ. ಪರೀಕ್ಷೆ ಹೀಗೆ: 2 ತಾಸು 0.1 ನಾರ್ಮಲ್ ಆಮ್ಲ, 3 ತಾಸು ಪಿಎಚ್ 7.4, ಆಮೇಲೆ ಇಲಿಯ ಸೀಕಂ (ದೊಡ್ಡ ಕರುಳಿನ ಆರಂಭದ ಚೀಲ) ಒಳಗಿನ ಅಂಶ ಶೇ. 4 ಸೇರಿಸಿದ ಪಿಎಚ್ 6.8, ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಆಮ್ಲಜನಕ ಇಲ್ಲದಂತೆ. ಇಲಿ ಎಂದ ಕೂಡಲೇ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು, ಪ್ರಬಂಧದ ಮೊದಲ ಹಂತದಲ್ಲೇ ಅರ್ಜಿ ಹಾಕಿ. ಅಷ್ಟರವರೆಗೆ ಪೆಕ್ಟಿನೇಸ್ ಕಿಣ್ವದಿಂದ ಸೂಚಕ ಫಲಿತಾಂಶ ಪಡೆಯಬಹುದು.

ನಿಂಬೆ ಸಿಪ್ಪೆ, ಇಂಡಿ

ಪೆಕ್ಟಿನ್ ಮಾತು ಬಂತಲ್ಲ. ನಮ್ಮ ಇಂಡಿ ತಾಲ್ಲೂಕಿನ ನಿಂಬೆ ಸಿಪ್ಪೆಯಿಂದಲೇ ತೆಗೆದು ಬಳಸಬಹುದೇ? ಹುಣಸೆ ಬೀಜದ ಪುಡಿಯೂ ಅಗ್ಗಕ್ಕೆ ಸಿಗುತ್ತದೆ.

ಬಲೆಯ ಕಣ್ಣು, ಬೆಳಗಾವಿ

ತೆಗೆಯಬಹುದು. ಸಿಪ್ಪೆಯನ್ನು ಆಮ್ಲ ಹಾಕಿ ಪಿಎಚ್ 2ಕ್ಕೆ ತಂದ ನೀರಿನಲ್ಲಿ 80 ರಿಂದ 85 ಡಿಗ್ರಿ, ಒಂದು ತಾಸು. ಬಟ್ಟೆಯಲ್ಲಿ ಸೋಸಿ ಎರಡು ಪಟ್ಟು ಆಲ್ಕೋಹಾಲ್ ಹಾಕಿದರೆ ಪೆಕ್ಟಿನ್ ಎಳೆಎಳೆಯಾಗಿ ಮೇಲೆ ಬರುತ್ತದೆ. ಆದರೆ ಹೀಗೆ ಬಂದದ್ದು ಹೆಚ್ಚು ಮೀಥಾಕ್ಸಿಲ್ ಇರುವ ಪೆಕ್ಟಿನ್. ಅದು ಸಕ್ಕರೆ ಮತ್ತು ಆಮ್ಲದಲ್ಲಿ ಜಾಮ್ ಆಗುತ್ತದೆ, ಕ್ಯಾಲ್ಸಿಯಂನಲ್ಲಿ ಮಣಿ ಆಗುವುದಿಲ್ಲ. ಎಸ್ಟರೀಕರಣ, ಅಂದರೆ ಮೀಥೈಲ್ ಎಸ್ಟರ್ ಆಗಿರುವ ಕಾರ್ಬಾಕ್ಸಿಲ್‌ಗಳ ಪಾಲು, ಶೇ. 50ರ ಕೆಳಗೆ ಇಳಿಯಬೇಕು. ತಣ್ಣನೆಯ ಕ್ಷಾರದಲ್ಲಿ, 5 ಡಿಗ್ರಿಯ ಆಸುಪಾಸಿನಲ್ಲಿ, ಎಸ್ಟರ್ ಕತ್ತರಿಸಿ ಟೈಟ್ರೇಶನ್‌ನಿಂದ ಖಚಿತಪಡಿಸಿಕೊಳ್ಳಿ. ಬಿಸಿ ಕ್ಷಾರದಲ್ಲಿ ಮಾಡಿದರೆ ಸರಪಳಿಯೇ ತುಂಡಾಗುತ್ತದೆ.

ಹುಣಸೆ ಬೀಜದ ವಿಧಾನ ಸುಲಭ. 20 ಗ್ರಾಂ ಪುಡಿಯನ್ನು 200 ಮಿ.ಲೀ. ತಣ್ಣೀರಿನಲ್ಲಿ ಕದಡಿ, ಕುದಿಯುವ 800 ಮಿ.ಲೀ. ನೀರಿಗೆ ಹೊಯ್ದು 20 ನಿಮಿಷ ಕಾಯಿಸಿ. ರಾತ್ರಿ ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಎರಡು ಪಟ್ಟು ಆಲ್ಕೋಹಾಲ್‌ಗೆ ಸುರಿಯಿರಿ. ಬರುವುದು ಕ್ಸೈಲೋಗ್ಲೂಕಾನ್. ಇದಕ್ಕೆ ಆವೇಶವಿಲ್ಲ, ಕ್ಯಾಲ್ಸಿಯಂಗೆ ಜಗ್ಗುವುದಿಲ್ಲ, ಒಂದೇ ಆಗಿ ಮಣಿ ಕೊಡುವುದಿಲ್ಲ. ಬೀಟಾ ಗ್ಯಾಲಕ್ಟೊಸಿಡೇಸ್ ಕಿಣ್ವದಿಂದ ಗ್ಯಾಲಕ್ಟೋಸ್‌ನ ಶೇ. 35ಕ್ಕಿಂತ ಹೆಚ್ಚು ಪಾಲು ಕತ್ತರಿಸಿದರೆ ಮಾತ್ರ ಮೈಬಿಸಿಗೆ ಜೆಲ್ ಆಗುವ ಗುಣ ಬರುತ್ತದೆ. ಇದೇ ಒಂದು ಪ್ರತ್ಯೇಕ ಪ್ರಬಂಧಕ್ಕಾಗುವಷ್ಟು ಕೆಲಸ. ಸ್ಥಳೀಯ ಕಚ್ಚಾವಸ್ತು ಎಂಬ ಸಂತೋಷ ನನಗೂ ಇದೆ, ಆದರೆ ಮಣ್ಣು, ತಳಿ, ಸುಗ್ಗಿ ಬದಲಾದಂತೆ ಸ್ನಿಗ್ಧತೆ ಬದಲಾಗುತ್ತದೆ. ಕ್ಯಾನ್ಸರ್ ಔಷಧದ ವಾಹಕಕ್ಕೆ ಅಂಥ ಏರಿಳಿತ ಸಲ್ಲದು. ಮೊದಲು ಖರೀದಿಸಿದ ಶುದ್ಧ ದರ್ಜೆಯಿಂದ ಫಲಿತಾಂಶ ನಿಲ್ಲಿಸಿ, ಆಮೇಲೆ ಹೋಲಿಸಿ.

ಡೋಣಿ ಹೊಳೆ, ವಿಜಯಪುರ

ಬೇರೆ ಕೆಲಸ, ಸಂಬಂಧ ಇರುವುದರಿಂದ ಇಲ್ಲೇ ಕೇಳುತ್ತೇನೆ. ಗಡ್ಡೆಯ ಪಕ್ಕದಲ್ಲಿ ಚುಚ್ಚುವ ಕೈಟೋಸಾನ್–ಬೀಟಾ ಗ್ಲಿಸರೋಫಾಸ್ಫೇಟ್ ಜೆಲ್, ಒಳಗೆ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ. ತಣ್ಣಗೆ ದ್ರವವಾಗಿದ್ದು ಮೈಬಿಸಿಗೆ ಗಟ್ಟಿಯಾಗಬೇಕು. ಜೆಲ್ ಕೆಲವೊಮ್ಮೆ ಸಿರಿಂಜ್ ಒಳಗೇ ಗಟ್ಟಿಯಾಗುತ್ತದೆ, ಕೆಲವೊಮ್ಮೆ 37 ಡಿಗ್ರಿಯಲ್ಲೂ ಆಗುವುದೇ ಇಲ್ಲ.

ಕೃಷ್ಣೆಯ ದಂಡೆ, ವಿಜಯಪುರ

ಎರಡಕ್ಕೂ ಉಷ್ಣತೆ ಮತ್ತು ಪಿಎಚ್ ಕಾರಣ. ಏಪ್ರಿಲ್–ಮೇನಲ್ಲಿ ನಮ್ಮೂರ ಹಗಲು 40 ದಾಟುತ್ತದೆ. ಎಸಿ ಇಲ್ಲದ ಕೋಣೆಯೇ ಮೈಬಿಸಿಗಿಂತ ಹೆಚ್ಚು ಬಿಸಿ. ಸಿರಿಂಜ್, ಸೂಜಿ, ಬೀಕರ್ ಎಲ್ಲವನ್ನೂ ಮೊದಲೇ ಐಸ್‌ನಲ್ಲಿಟ್ಟು ಕೆಲಸ ಮಾಡಿ.

ಪ್ರಮಾಣ: ಡಿಅಸಿಟೈಲೀಕರಣ (ಬಿಡಿ ಅಮೈನ್ ಆಗಿರುವ ಗುಂಪುಗಳ ಪಾಲು) ಶೇ. 85ರ ಮೇಲಿರುವ ಕೈಟೋಸಾನ್ 200 ಮಿ.ಗ್ರಾಂ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 9 ಮಿ.ಲೀ.ನಲ್ಲಿ ಕರಗಿಸಿ 4 ಡಿಗ್ರಿಗೆ ತಂಪು ಮಾಡಿ. ಬೀಟಾ ಗ್ಲಿಸರೋಫಾಸ್ಫೇಟ್ 560 ಮಿ.ಗ್ರಾಂ, 1 ಮಿ.ಲೀ. ತಣ್ಣೀರಿನಲ್ಲಿ. ಐಸ್ ಮೇಲೆ ಜೋರಾಗಿ ಕಲಕುತ್ತ ಹನಿಹನಿಯಾಗಿ ಸೇರಿಸಿ. ಒಮ್ಮೆಲೆ ಸುರಿದರೆ ಹನಿ ಬಿದ್ದ ಜಾಗದಲ್ಲಿ ಪಿಎಚ್ ಏರಿ ಬಿಳಿ ಎಳೆ ಬೀಳುತ್ತದೆ, ಮತ್ತೆ ಕರಗುವುದಿಲ್ಲ. ಕೊನೆಯ ಪಿಎಚ್ 7.0 ರಿಂದ 7.2. ಇದಕ್ಕಿಂತ ಕೆಳಗಿದ್ದರೆ 37ರಲ್ಲಿ ಜೆಲ್ ಆಗದೆ ಹಾಗೇ ಕೂರುತ್ತದೆ. ಡಿಅಸಿಟೈಲೀಕರಣ ಕಡಿಮೆ ಇರುವ ಕೈಟೋಸಾನ್ ಕೂಡ ತಡಮಾಡುತ್ತದೆ. ನಳಿಕೆ ತಲೆಕೆಳಗು ಮಾಡಿ ಹರಿಯುವುದು ನಿಂತ ಸಮಯ ಬರೆಯಿರಿ.

ಬೇಗ ಜೆಲ್ ಆಗಲಿ ಎಂದು ಗ್ಲಿಸರೋಫಾಸ್ಫೇಟ್ ಏರಿಸುತ್ತಾರೆ. ಏರಿಸಬೇಡಿ. ಈ ಪ್ರಮಾಣದಲ್ಲೇ ಆಸ್ಮೋಲಾಲಿಟಿ (ಕರಗಿದ ಕಣಗಳ ಸಾಂದ್ರತೆ) ರಕ್ತಕ್ಕಿಂತ ಹೆಚ್ಚಿದೆ, ಚುಚ್ಚಿದ ಜಾಗದ ಅಂಗಾಂಶ ಸುಟ್ಟಂತಾಗುತ್ತದೆ. ನಿರ್ಜಂತುಕರಣ: ಈ ಗಟ್ಟಿತನದ ಕೈಟೋಸಾನ್ 0.22 ಮೈಕ್ರಾನ್ ಶೋಧಕ ದಾಟುವುದಿಲ್ಲ. ಕೈಟೋಸಾನ್ ದ್ರಾವಣವನ್ನು ಒಂದೇ ಆಗಿ 121 ಡಿಗ್ರಿಯಲ್ಲಿ 10 ನಿಮಿಷ ಆಟೋಕ್ಲೇವ್ ಮಾಡಿ, ಸ್ನಿಗ್ಧತೆ ಇಳಿದದ್ದನ್ನು ಅಳೆಯಿರಿ. ಗ್ಲಿಸರೋಫಾಸ್ಫೇಟ್ ಮತ್ತು ಔಷಧ ಶೋಧಕದಿಂದ. ಬೆರೆಸುವುದು ಕೊನೆಗೆ.

ಬಲೆಯ ಕಣ್ಣು, ಬೆಳಗಾವಿ

ಡಾಕ್ಸೊರುಬಿಸಿನ್ ಬಗ್ಗೆ ಒಂದು ಮಾತು. ಅದು ಧನ ಆವೇಶದ ಅಣು. ಕೈಟೋಸಾನ್ ಕೂಡ ಧನ. ಮೊದಲ ದಾರಿ, ಬಲೆಗೆ ಅಂಟಿಸುವುದು, ಇದಕ್ಕೆ ಆಲ್ಜಿನೇಟ್‌ನಲ್ಲಿ ಸಲೀಸು. ಕೈಟೋಸಾನ್‌ನಲ್ಲೇ ಮಾಡಬೇಕಿದ್ದರೆ ಔಷಧವನ್ನು ಆಲ್ಜಿನೇಟ್ ಸೂಕ್ಷ್ಮಕಣದಲ್ಲಿ ಕಟ್ಟಿ, ಆ ಕಣವನ್ನು ಕೈಟೋಸಾನ್ ಜೆಲ್ ಒಳಗೆ ಹಾಕಿ.

‘ಗಡ್ಡೆಯ ಆಮ್ಲೀಯತೆಗೆ ಸ್ಪಂದಿಸುವ ಆಲ್ಜಿನೇಟ್’ ಎಂಬ ಮಾತನ್ನು ಎಚ್ಚರದಿಂದ ಓದಿ. ಗಡ್ಡೆಯ ಹೊರದ್ರವದ ಪಿಎಚ್ ಸಾಮಾನ್ಯವಾಗಿ 6.5 ರಿಂದ 7. ಆಲ್ಜಿನೇಟ್ ಪಿಕೆಎ 3.4 ರಿಂದ 3.7. 7.4 ಇದ್ದರೂ 6.5 ಇದ್ದರೂ ಅದರ ಕಾರ್ಬಾಕ್ಸಿಲ್‌ಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಪಿಎಚ್ 5ರಲ್ಲಿ ಪ್ರಯೋಗ ಮಾಡಿ ಎಂಡೋಸೋಮ್ (ಕೋಶ ನುಂಗಿದ್ದನ್ನು ಇಡುವ ಆಮ್ಲೀಯ ಚೀಲ) ಹೆಸರು ಹೇಳುವುದು ನ್ಯಾನೋಕಣಕ್ಕೆ ಸರಿ. 1 ಮಿ.ಮೀ. ಮಣಿ ಜೀವಕೋಶದ ಒಳಗೆ ಹೋಗುವುದಿಲ್ಲ. ಕೈಟೋಸಾನ್ ಪಿಕೆಎ 6.5ರ ಹತ್ತಿರ, ಅದಕ್ಕೆ ಈ ವಾದ ಹೊಂದುತ್ತದೆ.

ಡಾಕ್ಸೊರುಬಿಸಿನ್ ಬೆಳಕಿಗೆ ಕೆಡುತ್ತದೆ, ಗಾಜಿಗೆ ಅಂಟುತ್ತದೆ, ಪಿಎಚ್ 7.4ರ ಫಾಸ್ಫೇಟ್‌ನಲ್ಲಿ ದಿನಗಟ್ಟಲೆ ಬಿಟ್ಟರೆ ಒಡೆಯುತ್ತದೆ. ಏಳು ದಿನದ ಬಿಡುಗಡೆ ಅಧ್ಯಯನದಲ್ಲಿ ರೇಖೆ ಕೊನೆಗೆ ಸಮತಟ್ಟಾದರೆ ‘ನಿರಂತರ ಬಿಡುಗಡೆ’ ಎನ್ನುವ ಮೊದಲು, ಅದೇ ಮಾಧ್ಯಮದಲ್ಲಿ ಬಿಡಿ ಔಷಧ ಏಳು ದಿನ ಇಟ್ಟು ಎಷ್ಟು ಉಳಿಯಿತು ನೋಡಿ. ಡಯಾಲಿಸಿಸ್ ಚೀಲ ಬಳಸಿದರೆ ಬಿಡಿ ಔಷಧ ತುಂಬಿದ ಚೀಲವನ್ನೂ ಜೊತೆಗೆ ನಡೆಸಿ. ಚೀಲವೇ ತಡೆಯುತ್ತಿದ್ದರೆ ಜೆಲ್‌ಗೆ ಹೊಗಳಿಕೆ ಸಲ್ಲದು.

ಒಬ್ಬ ಓದುಗ, ಗೋಕಾಕ

ನಾನು ಈ ವಿಷಯ ಓದಿದವನಲ್ಲ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೆದಿದೆ. ಇಂಥ ಜೆಲ್ ಔಷಧ ಬೆಳಗಾವಿ ಕಡೆ ಆಸ್ಪತ್ರೆಗಳಲ್ಲಿ ಸಿಗುತ್ತದೆಯೇ?

ಕಿಮೋ ಔಷಧ ವಿಭಾಗ, ಬೆಳಗಾವಿ

ಇಲ್ಲಿ ಚರ್ಚೆಯಾಗುತ್ತಿರುವ ಆಲ್ಜಿನೇಟ್, ಕೈಟೋಸಾನ್ ಜೆಲ್‌ಗಳು ಇನ್ನೂ ಪ್ರಯೋಗಾಲಯದ ಹಂತದ ಕೆಲಸ. ರೋಗಿಗೆ ಕೊಡುವ ಔಷಧವಾಗಿ ಕೇಳಬೇಡಿ, ಇದಕ್ಕಾಗಿ ನಡೆಯುತ್ತಿರುವ ಚಿಕಿತ್ಸೆಯ ಒಂದು ಸರದಿಯನ್ನೂ ಮುಂದೂಡಬೇಡಿ. ಗಡ್ಡೆ ಇರುವ ಜಾಗದಲ್ಲೇ ಔಷಧ ಬಿಡುವ ವಿಚಾರ ಹೊಸದಲ್ಲ. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲಿಡುವ ಕಾರ್ಮುಸ್ಟಿನ್ ಬಿಲ್ಲೆಗೆ ಅಮೆರಿಕದಲ್ಲಿ 1996ರಲ್ಲೇ ಅನುಮತಿ ಸಿಕ್ಕಿದೆ. ಮೂತ್ರನಾಳದ ಮೇಲ್ಭಾಗದ ಒಂದು ಬಗೆಯ ಕ್ಯಾನ್ಸರ್‌ಗೆ ಮೈಟೊಮೈಸಿನ್ ಜೆಲ್‌ಗೆ 2020ರಲ್ಲಿ ಅಲ್ಲೇ ಅನುಮತಿಯಾಯಿತು. ತಣ್ಣಗಿದ್ದಾಗ ನೀರು, ಮೈಬಿಸಿಗೆ ಜೆಲ್. ಅವೆರಡರ ಮುಖ್ಯ ಪಾಲಿಮರ್ ಕೃತಕ, ಬಳಕೆಯೂ ಬಹಳ ಸೀಮಿತ. ನಿಮ್ಮ ಮನೆಯವರಿಗೆ ಏನು ಸರಿ ಎಂಬುದನ್ನು ನೋಡುತ್ತಿರುವ ಆಂಕಾಲಜಿಸ್ಟ್ ಹತ್ತಿರವೇ ಕೇಳಿ. ಬಾಯಲ್ಲಿ ಹುಣ್ಣು, ತಡೆಯದ ಭೇದಿ, ಜ್ವರ ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಹೋಗಿ.

ಪ್ರಯೋಗ ಮಾಡುವವರಿಗೂ ಎರಡು ಮಾತು. 5-ಎಫ್‌ಯು ಪುಡಿ ತೂಗುವಾಗ ಫ್ಯಾನ್ ಆಫ್ ಮಾಡಿದರೆ ಸಾಲದು. ಜೋಡಿ ನೈಟ್ರೈಲ್ ಕೈಗವಸು, ಮುಂದೆ ಮುಚ್ಚಿದ ಗೌನ್, ಎನ್95, ಹೊರಗೆ ಗಾಳಿ ಬಿಡುವ ಹುಡ್ ಬೇಕು. ನಿಮ್ಮ ಮುಖದ ಕಡೆ ಗಾಳಿ ಬೀಸುವ ಹಾರಿಜಾಂಟಲ್ ಲ್ಯಾಮಿನಾರ್ ಫ್ಲೋದಲ್ಲಿ ಇದನ್ನು ಬಿಚ್ಚಲೇಬಾರದು. ಗರ್ಭಿಣಿಯರು ಈ ಕೆಲಸದಿಂದ ದೂರವಿರಬೇಕು. ಕ್ಯಾಲ್ಸಿಯಂ ದ್ರಾವಣದಲ್ಲಿ ಮಿಲಿಲೀಟರಿಗೆ 4 ಮಿ.ಗ್ರಾಂ ಔಷಧ ಹಾಕಿ ಎಂದು ಮೇಲೆ ಹೇಳಿದ್ದಾರೆ. ಆ ದ್ರಾವಣ, ತೊಳೆದ ನೀರು, ಶೋಧಕ ಕಾಗದ ಯಾವುದೂ ಸಿಂಕಿಗೆ ಹೋಗುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೈಟೊಟಾಕ್ಸಿಕ್ ಗುರುತಿನ ಹಳದಿ ಚೀಲ, 1200 ಡಿಗ್ರಿಯ ಮೇಲೆ ದಹನ. ಕಾಲೇಜಿನ ಪ್ರಯೋಗಾಲಯ ಎಂಬ ಕಾರಣಕ್ಕೆ ವಿಷ ಕಡಿಮೆಯಾಗುವುದಿಲ್ಲ.

ಕುಂದಾನಗರಿ, ಬೆಳಗಾವಿ

ಕೋಶ ಪರೀಕ್ಷೆಗೆ ಹೋಗುವ ಮುನ್ನ: ಎಚ್‌ಟಿ-29 ಅಥವಾ ಎಚ್‌ಸಿಟಿ-116 ಎಂಬ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಪುಣೆಯ ಎನ್‌ಸಿಸಿಎಸ್‌ನಿಂದ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ತರಿಸಿದರೆ ಮೂಲದ ದಾಖಲೆ ಇರುತ್ತದೆ. 5-ಎಫ್‌ಯು ಕೋಶ ವಿಭಜನೆಯಾಗುವಾಗ ಕೆಲಸ ಮಾಡುವ ಔಷಧ. 24 ತಾಸಿನ ಎಂಟಿಟಿಯಲ್ಲಿ ಏನೂ ಕಾಣದೆ ನಿರಾಶರಾಗುತ್ತಾರೆ, 48 ಮತ್ತು 72 ತಾಸು ಇಡಿ. ಖಾಲಿ ಮಣಿಯ ಗುಂಪು ಕಡ್ಡಾಯ, ಯಾಕೆಂದರೆ ಸೋರಿದ ಕ್ಯಾಲ್ಸಿಯಂ ಮತ್ತು ಕೈಟೋಸಾನ್‌ನಲ್ಲಿ ಉಳಿದ ಅಸಿಟಿಕ್ ಆಮ್ಲವೇ ಕೋಶಗಳನ್ನು ಕೊಲ್ಲಬಹುದು. ಮಣಿಯನ್ನು ನೇರವಾಗಿ ಕೋಶಗಳ ಮೇಲೆ ಹಾಕಿದರೆ ಭಾರಕ್ಕೇ ಪದರ ಹರಿಯುತ್ತದೆ. ಮಣಿಯನ್ನು ಕೋಶಗಳಿಂದ ಮೇಲೆತ್ತಿ ಹಿಡಿಯುವ, ತಳದಲ್ಲಿ ತೂತಿರುವ ಇನ್ಸರ್ಟ್ ಬಳಸಿ.

ಘಟಪ್ರಭಾ, ಬಾಗಲಕೋಟೆ

ಎಲ್ಲವನ್ನೂ ಸೇರಿಸಿ ಹೊಸ ಯೋಜನೆ: ಆಲ್ಜಿನೇಟ್ ಮತ್ತು ಕಡಿಮೆ ಮೀಥಾಕ್ಸಿಲ್ ಪೆಕ್ಟಿನ್ ತಲಾ ಶೇ. 1, ಡಿಅಯಾನೈಸ್ಡ್ ನೀರು, ಔಷಧ ಬೆರೆತ ಕ್ಯಾಲ್ಸಿಯಂ ದ್ರಾವಣ 20 ಮಿ.ಲೀ., 15 ನಿಮಿಷ, ಒಂದೇ ತೊಳೆತ, ಗಾಳಿಯಲ್ಲಿ ಒಣಗಿಸಿ ಯೂಡ್ರಾಗಿಟ್ ಎಸ್100 ಶೇ. 10. ಟ್ರಿಸ್ ಮತ್ತು ಫಾಸ್ಫೇಟ್ ಎರಡೂ ಮಾಧ್ಯಮ. ಪ್ರಯೋಗಾಲಯದಲ್ಲಿರುವ ಕ್ಯಾಲ್ಸಿಯಂ ಕ್ಲೋರೈಡ್ ಫ್ಯೂಸ್ಡ್ ಗ್ರೇಡ್, ಅದನ್ನೇ ಬಳಸಬಹುದಲ್ಲ?

ಕಲಾದಗಿ, ಬಾಗಲಕೋಟೆ

ಬಳಸಬಹುದು, ಆದರ ಲೆಕ್ಕ ಬ್ಯಾರೆ. ಫ್ಯೂಸ್ಡ್ ಅಂದರ ನೀರಿಲ್ಲದ ಉಪ್ಪು, ಅಣುತೂಕ 111. ಡೈಹೈಡ್ರೇಟ್ 147. ಅದೇ ಶೇ. 2 ತೂಗಿದರ ಫ್ಯೂಸ್ಡ್‌ನಾಗ ಕ್ಯಾಲ್ಸಿಯಂ ಮೂರನೇ ಒಂದು ಪಾಲು ಹೆಚ್ಚು. ಪ್ರಬಂಧದಾಗ ಶೇಕಡಾ ಬರೀಬ್ಯಾಡ್ರಿ, ಮೋಲಾರ್ ಬರೀರಿ, 0.136. ಮತ್ತ ಡಬ್ಬಿ ತೆಗೆದು ಬಾಳ ದಿನ ಆಗಿದ್ದರ ಅದು ಗಾಳಿಯಾಗಿನ ತೇವ ಹೀರಿ ಗಡ್ಡಿ ಕಟ್ಟಿರತೈತಿ, ತೂಕದ ಮ್ಯಾಲೆ ಭರವಸೆ ಇಡಬ್ಯಾಡ್ರಿ. ಕ್ಯಾಲ್ಸಿಯಂ ಹಿಡಿಯೂ ಇಡಿಟಿಎ ಹಾಕಿ ಟೈಟ್ರೇಶನ್ ಮಾಡಿ ದ್ರಾವಣದ ಕ್ಯಾಲ್ಸಿಯಂ ನೋಡಿ ಆಮೇಲೆ ಮಣಿ ಹಾಕ್ರಿ.